ಎತ್ತರವೂ ವೇಗವೂ

ಎತ್ತರದ ಹುಡುಗಿ ಚೆನ್ನಾಗಿ ಓಡುತ್ತಾಳೆ ಎಂಬುದು ನಮ್ಮಲ್ಲಿ ಬಹುಕಾಲದಿಂದ ನೆಲೆಯೂರಿರುವ ನಂಬಿಕೆ. ಹೊಸಪೇಟೆಯ ಮೈದಾನವಿರಲಿ, ಸಂಡೂರಿನ ಶಾಲೆಯ ಅಂಗಳವಿರಲಿ, ಕಂಪ್ಲಿ ತಾಲ್ಲೂಕಿನ ಮೆಟ್ರಿಯಂಥ ಹಳ್ಳಿಯ ಬಯಲಿರಲಿ, ಓಟದ ಪಂದ್ಯಕ್ಕೆ ಮಕ್ಕಳನ್ನು ಆರಿಸಬೇಕಾದಾಗ ಹಿರಿಯರ ಕಣ್ಣು ಮೊದಲು ಹೋಗುವುದು ಸಾಲಿನಲ್ಲಿ ತಲೆ ಮೇಲೆದ್ದು ಕಾಣುವ ಹುಡುಗಿಯ ಕಡೆಗೆ. ಕಾಲು ಉದ್ದವಾದರೆ ಹೆಜ್ಜೆ ಉದ್ದ. ಹೆಜ್ಜೆ ಉದ್ದವಾದರೆ ದಾರಿ ಬೇಗ ಸವೆಯುತ್ತದೆ. ಈ ತರ್ಕದಲ್ಲಿ ಮೇಲುನೋಟಕ್ಕೆ ತಪ್ಪೇನೂ ಕಾಣುವುದಿಲ್ಲ. ಆದರೆ ತರ್ಕ ಒಪ್ಪುವುದನ್ನೆಲ್ಲ ಚರಿತ್ರೆ ಒಪ್ಪಬೇಕೆಂಬ ನಿಯಮವೇನಿಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ ಮಹಿಳೆಯರು ಓಡಲು ತೊಡಗಿ ಈಗ ಒಂದು ಶತಮಾನವಾಗುತ್ತ ಬಂದಿದೆ. ಗೆದ್ದವರು ಯಾರು, ಅವರ ಕಾಲ ಎಷ್ಟು, ಅವರ ಎತ್ತರ ಎಷ್ಟು ಎಂಬ ವಿವರಗಳು ನಮ್ಮ ಮುಂದಿವೆ. ಆ ಲೆಕ್ಕವನ್ನು ತೆರೆದು ನೋಡಿದರೆ, ಈ ನಂಬಿಕೆಯಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಗಿಡ್ಡಗಿದ್ದಾಳೆಂಬ ಒಂದೇ ಕಾರಣಕ್ಕೆ ಸಾಲಿನಿಂದ ಹಿಂದೆ ಸರಿಸಲ್ಪಟ್ಟ ಹುಡುಗಿ ಮತ್ತೆ ಮೈದಾನಕ್ಕೆ ಬರುವುದು ಅಪರೂಪ. ಅಳತೆಗೋಲು ತಪ್ಪಾದರೆ ನಷ್ಟವಾಗುವುದು ಅವಳೊಬ್ಬಳಿಗಲ್ಲ, ನಾಡಿಗೆ.

ದೇಹಸಾಧನೆಯ ಮಾತು ಹಂಪೆಯ ಸೀಮೆಗೆ ಹೊಸದಲ್ಲ. ಸುಮಾರು ೧೫೨೦ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅರಸನು ನಸುಕಿನಲ್ಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ತಿಕ್ಕಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಬೆವರು ಇಳಿಯುವತನಕ ಕತ್ತಿ ತಿರುಗಿಸಿ, ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಹಿಡಿದು, ಆಮೇಲೆ ಕುದುರೆಯೇರುತ್ತಿದ್ದನಂತೆ. ಅದೇ ಪಾಯೆಸ್ ಅರಸನ ರೂಪವನ್ನು ವರ್ಣಿಸುವಾಗ ಹೇಳುವ ಮಾತು ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದದ್ದು: ಕೃಷ್ಣದೇವರಾಯನು ಮಧ್ಯಮ ಎತ್ತರದವನು. ದಂಡಯಾತ್ರೆಗಳಲ್ಲಿ ಗೆದ್ದ ಆ ದೊರೆ ಆಳೆತ್ತರದಲ್ಲಿ ಇತರರನ್ನು ಮೀರಿಸಿದವನಾಗಿರಲಿಲ್ಲ.

ಪಾಯೆಸನ ತರುವಾಯ, ಸುಮಾರು ೧೫೩೫ರಲ್ಲಿ ಬರೆದ ಫೆರ್ನಾವೊ ನೂನೀಜ್ ಇನ್ನೊಂದು ಸೋಜಿಗದ ಸಂಗತಿಯನ್ನು ತಿಳಿಸುತ್ತಾನೆ. ಅರಮನೆಯ ಊಳಿಗದಲ್ಲಿ ಲೆಕ್ಕ ಬರೆಯುವ ಹೆಂಗಸರಿದ್ದರು, ಜ್ಯೋತಿಷ್ಯ ಹೇಳುವ ಹೆಂಗಸರಿದ್ದರು. ಅವರೊಂದಿಗೆ ಕುಸ್ತಿ ಹಿಡಿಯುವ ಹೆಂಗಸರೂ ಇದ್ದರು. ಹೆಣ್ಣಿನ ದೇಹಬಲ ನೋಡುವವರಿಗೆ ನಗೆಯ ವಸ್ತುವಾಗದೆ ಅರಮನೆಯ ಮನ್ನಣೆಗೆ ಪಾತ್ರವಾಗಿದ್ದ ಕಾಲ ಅದು. ಮಹಾನವಮಿ ದಿಬ್ಬದ ಮೆಟ್ಟಿಲುಗಳನ್ನು ಹತ್ತುವವರು ಇದನ್ನು ನೆನೆಯುವುದು ಒಳ್ಳೆಯದು. ಹೆಂಗಸರಿಗೆ ಮೈದಾನವೇ ಸಲ್ಲದು ಎಂಬ ಮಾತನ್ನು ಯೂರೋಪು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಗಂಭೀರವಾಗಿ ಆಡುತ್ತಿತ್ತು.

ಆ ಮಾತನ್ನು ಆಡಿದವರಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳ ಜನಕನಾದ ಬ್ಯಾರನ್ ಪಿಯರ್ ದ ಕೂಬರ್ತ್ಯಾಂ ಕೂಡ ಒಬ್ಬ. ೧೮೯೬ರ ಆಥೆನ್ಸ್ ಕ್ರೀಡೆಗಳಲ್ಲಿ ಮಹಿಳೆಯರಿಗೆ ಪ್ರವೇಶವೇ ಇರಲಿಲ್ಲ. ಫ್ರಾನ್ಸಿನ ಆಲಿಸ್ ಮಿಲಿಯಾ ಎಂಬ ಮಹಿಳೆ ಹಟ ಹಿಡಿದು ೧೯೨೨ರಲ್ಲಿ ಪ್ಯಾರಿಸ್ಸಿನಲ್ಲಿ ಮಹಿಳೆಯರದೇ ಆದ ಅಂತರರಾಷ್ಟ್ರೀಯ ಕ್ರೀಡಾಕೂಟವನ್ನು ನಡೆಸಿದ ಮೇಲೆ ಒಲಿಂಪಿಕ್ ಸಮಿತಿ ಮಣಿಯಬೇಕಾಯಿತು. ೧೯೨೮ರ ಆಮ್‌ಸ್ಟರ್‌ಡಾಂ ಕ್ರೀಡೆಗಳಲ್ಲಿ ಮಹಿಳೆಯರಿಗಾಗಿ ಅಥ್ಲೆಟಿಕ್ಸ್‌ನ ಐದು ಸ್ಪರ್ಧೆಗಳು ಮೊಟ್ಟಮೊದಲು ನಡೆದವು. ಅವುಗಳಲ್ಲಿ ೧೦೦ ಮೀಟರ್ ಓಟವೂ ಒಂದು.

ಅದರಲ್ಲಿ ಗೆದ್ದವರು ಅಮೆರಿಕದ ಬೆಟ್ಟಿ ರಾಬಿನ್ಸನ್. ವಯಸ್ಸು ಹದಿನಾರು, ಕಾಲ ೧೨.೨ ಸೆಕೆಂಡು. ಈ ಹುಡುಗಿಯನ್ನು ಓಟಕ್ಕೆ ಆರಿಸಿದ ಬಗೆ ಬಹಳ ಸ್ವಾರಸ್ಯವಾಗಿದೆ. ರೈಲು ತಪ್ಪಿಹೋದೀತೆಂದು ಆಕೆ ಓಡಿಬರುತ್ತಿದ್ದುದನ್ನು ಅವರ ಶಾಲೆಯ ಅಧ್ಯಾಪಕರೊಬ್ಬರು ನೋಡಿದರು. ಆ ವೇಗ ಅವರನ್ನು ಬೆರಗುಗೊಳಿಸಿತು. ತರಬೇತಿ ಅಲ್ಲಿಂದ ಮೊದಲಾಯಿತು. ಕೆಲವೇ ತಿಂಗಳುಗಳಲ್ಲಿ ಒಲಿಂಪಿಕ್ ಸ್ವರ್ಣಪದಕ ಬಂತು. ಅಧ್ಯಾಪಕರು ನೋಡಿದ್ದು ಹುಡುಗಿಯ ಎತ್ತರವನ್ನಲ್ಲ, ಓಟವನ್ನು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಆದರೆ ಮುಂದಿನ ಮೂವತ್ತು ವರ್ಷಗಳ ಚರಿತ್ರೆ ಎತ್ತರದ ಪಕ್ಷಕ್ಕೆ ಬಲವಾದ ಸಾಕ್ಷಿಗಳನ್ನು ಒದಗಿಸಿತು. ೧೯೩೬ರಲ್ಲಿ ಬರ್ಲಿನ್ನಿನಲ್ಲಿ ೧೧.೫ ಸೆಕೆಂಡುಗಳಲ್ಲಿ ಗೆದ್ದ ಅಮೆರಿಕದ ಹೆಲೆನ್ ಸ್ಟೀಫನ್ಸ್ ಸುಮಾರು ಆರಡಿ ಎತ್ತರದವರು. ಅವರ ಎತ್ತರವನ್ನೂ ವೇಗವನ್ನೂ ಕಂಡ ಕೆಲವರು ಈಕೆ ಹೆಣ್ಣೇ ಅಲ್ಲವೆಂದು ಆಕ್ಷೇಪವೆತ್ತಿದ್ದುಂಟು. ಹೆಣ್ಣು ಗಿಡ್ಡಗಿದ್ದರೆ ಓಡಲಾರಳು, ಎತ್ತರವಾಗಿದ್ದು ಓಡಿದರೆ ಹೆಣ್ಣೇ ಅಲ್ಲ! ಅಳತೆಪಟ್ಟಿಯನ್ನು ಹಿಡಿದವರ ಮನಸ್ಸು ಹೀಗೆ ಎರಡು ಕಡೆಗೂ ಎಳೆಯುತ್ತದೆ. ೧೯೪೮ರ ಲಂಡನ್ ಕ್ರೀಡೆಗಳಲ್ಲಿ ನಾಲ್ಕು ಸ್ವರ್ಣಪದಕಗಳನ್ನು ಗೆದ್ದ ಹಾಲೆಂಡಿನ ಫ್ಯಾನಿ ಬ್ಲಾಂಕರ್ಸ್-ಕೂನ್ ಆಗ ಮೂವತ್ತು ವರ್ಷದವರು, ಎರಡು ಮಕ್ಕಳ ತಾಯಿ. ಎತ್ತರ ಸುಮಾರು ೧೭೫ ಸೆಂಟಿಮೀಟರು. ೧೯೬೦ರಲ್ಲಿ ರೋಮ್ ನಗರದಲ್ಲಿ ೧೦೦ ಮೀಟರ್, ೨೦೦ ಮೀಟರ್ ಮತ್ತು ರಿಲೇ ಓಟಗಳಲ್ಲಿ ಗೆದ್ದ ವಿಲ್ಮಾ ರುಡಾಲ್ಫ್ ೧೮೦ ಸೆಂಟಿಮೀಟರ್ ಎತ್ತರದವರು. ಬಾಲ್ಯದಲ್ಲಿ ಪೋಲಿಯೋ ತಗಲಿ ಕಾಲಿಗೆ ಕಬ್ಬಿಣದ ಆಸರೆ ಕಟ್ಟಿಕೊಂಡು ನಡೆದಿದ್ದ ಹುಡುಗಿ ಅವರು. ಆ ಉದ್ದ ಕಾಲುಗಳು ಅನಾಯಾಸವಾಗಿ ದಾರಿಯನ್ನು ನುಂಗುತ್ತಿದ್ದ ದೃಶ್ಯವನ್ನು ನೋಡಿದವರು, ಓಟಗಾರ್ತಿಯೆಂದರೆ ಹೀಗಿರಬೇಕು ಎಂದು ತೀರ್ಮಾನಿಸಿದ್ದರೆ ಆಶ್ಚರ್ಯವಿಲ್ಲ.

ಪುರುಷರಲ್ಲಿಯೂ ಇದಕ್ಕೆ ಪುಷ್ಟಿ ಕೊಡುವ ನಿದರ್ಶನಗಳಿವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೋರ್ಡನ್ ಚಾರ್ಲ್ಸ್ ಮತ್ತು ಏಡ್ರಿಯನ್ ಬೇಜನ್ ಎಂಬ ಇಬ್ಬರು ೨೦೦೯ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ೧೯೦೦ರಿಂದ ಈಚೆಗೆ ಸಾಮಾನ್ಯ ಮನುಷ್ಯನ ಎತ್ತರ ಸುಮಾರು ೫ ಸೆಂಟಿಮೀಟರ್ ಹೆಚ್ಚಿದ್ದರೆ, ವಿಶ್ವದಾಖಲೆಯ ಓಟಗಾರರ ಎತ್ತರ ಸುಮಾರು ೧೬ ಸೆಂಟಿಮೀಟರ್ ಹೆಚ್ಚಿದೆಯೆಂದು ತೋರಿಸಿದರು. ಅದೇ ವರ್ಷ ಬರ್ಲಿನ್ನಿನಲ್ಲಿ ಜಮೈಕಾದ ಉಸೇನ್ ಬೋಲ್ಟ್ ೧೦೦ ಮೀಟರ್ ದೂರವನ್ನು ೪೧ ಹೆಜ್ಜೆಗಳಲ್ಲಿ, ೯.೫೮ ಸೆಕೆಂಡುಗಳಲ್ಲಿ ಮುಗಿಸಿದರು. ಅವರ ಎತ್ತರ ೧೯೫ ಸೆಂಟಿಮೀಟರ್. ಇನ್ನೇನು ಬೇಕು? ಎತ್ತರದ ವಾದ ಗೆದ್ದಂತೆಯೇ ಆಯಿತು ಎನಿಸಬಹುದು.

ಆದರೆ ಇಲ್ಲಿ ಸ್ವಲ್ಪ ನಿಂತು, ಓಟವೆಂದರೇನು ಎಂದು ವಿಚಾರಮಾಡೋಣ. ಓಟದ ವೇಗ ಎರಡು ಅಂಶಗಳ ಗುಣಲಬ್ಧ: ಒಂದು ಹೆಜ್ಜೆಯ ಉದ್ದ, ಇನ್ನೊಂದು ಸೆಕೆಂಡಿಗೆ ಇಡುವ ಹೆಜ್ಜೆಗಳ ಸಂಖ್ಯೆ. ಒಬ್ಬ ಓಟಗಾರ್ತಿ ೧೦೦ ಮೀಟರನ್ನು ೪೬ ಹೆಜ್ಜೆಗಳಲ್ಲಿಯೂ, ಅವಳಿಗಿಂತ ಗಿಡ್ಡಗಿರುವ ಇನ್ನೊಬ್ಬಳು ೫೦ ಹೆಜ್ಜೆಗಳಲ್ಲಿಯೂ ಓಡುತ್ತಾಳೆಂದು ಇಟ್ಟುಕೊಳ್ಳಿ. ಮೊದಲನೆಯವಳ ಹೆಜ್ಜೆ ಸರಾಸರಿಯಲ್ಲಿ ೨.೧೭ ಮೀಟರ್; ಎರಡನೆಯವಳದು ೨ ಮೀಟರ್. ಇಬ್ಬರೂ ೧೦.೭ ಸೆಕೆಂಡುಗಳಲ್ಲಿ ಗುರಿ ಮುಟ್ಟಬೇಕಾದರೆ ಮೊದಲನೆಯವಳು ಸೆಕೆಂಡಿಗೆ ೪.೩ ಹೆಜ್ಜೆ ಇಟ್ಟರೆ ಸಾಕು, ಎರಡನೆಯವಳು ೪.೬೭ ಹೆಜ್ಜೆ ಇಡಬೇಕು. ಒಬ್ಬಳು ಉದ್ದದಲ್ಲಿ ಗಳಿಸಿದ್ದನ್ನು ಇನ್ನೊಬ್ಬಳು ಚುರುಕಿನಲ್ಲಿ ಗಳಿಸಬಲ್ಲಳು. ಸಂತೆಗೆ ಹೋದವರಲ್ಲಿ ಒಬ್ಬನು ದೊಡ್ಡ ಚೀಲದಲ್ಲಿ ಎರಡು ಸಲ, ಇನ್ನೊಬ್ಬನು ಸಣ್ಣ ಚೀಲದಲ್ಲಿ ಮೂರು ಸಲ ಕಾಳು ಹೊತ್ತು ತಂದರೆ, ಕೊನೆಗೆ ಲೆಕ್ಕಕ್ಕೆ ಬರುವುದು ಚೀಲದ ಗಾತ್ರವಲ್ಲ, ಮನೆ ಸೇರಿದ ಕಾಳು.

ಇದನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ನೊಬೆಲ್ ಬಹುಮಾನ ಪಡೆದ ಆಂಗ್ಲ ಶರೀರಶಾಸ್ತ್ರಜ್ಞ ಎ.ವಿ. ಹಿಲ್ ಪ್ರಮುಖರು. ಒಂದೇ ಆಕಾರದ, ಬೇರೆ ಬೇರೆ ಗಾತ್ರದ ಪ್ರಾಣಿಗಳಲ್ಲಿ ದೊಡ್ಡದರ ಹೆಜ್ಜೆ ಎಷ್ಟು ಉದ್ದವೋ ಅಷ್ಟೇ ನಿಧಾನವಾಗಿ ಅದರ ಕಾಲು ತಿರುಗುತ್ತದೆ. ಚಿಕ್ಕದರ ಹೆಜ್ಜೆ ಎಷ್ಟು ಗಿಡ್ಡವೋ ಅಷ್ಟೇ ಚುರುಕಾಗಿ ತಿರುಗುತ್ತದೆ. ಆದುದರಿಂದ ಅವುಗಳ ಪರಮಾವಧಿ ವೇಗ ಹೆಚ್ಚುಕಡಿಮೆ ಒಂದೇ ಆಗಬೇಕು ಎಂದು ಅವರು ೧೯೫೦ರಲ್ಲಿ ವಾದಿಸಿದರು. ಇದಕ್ಕೆ ಸೇರಿದ ಇನ್ನೊಂದು ನಿಯಮವೂ ಉಂಟು. ದೇಹ ಎಲ್ಲ ದಿಕ್ಕಿನಲ್ಲಿಯೂ ಒಂದೇ ಪ್ರಮಾಣದಲ್ಲಿ ಬೆಳೆದರೆ, ಮಾಂಸಖಂಡದ ಬಲ ಅದರ ಅಡ್ಡಳತೆಯ ವಿಸ್ತೀರ್ಣದಂತೆ ಹೆಚ್ಚುತ್ತದೆ; ತೂಕವಾದರೋ ಗಾತ್ರದಂತೆ ಅದಕ್ಕಿಂತ ಬೇಗ ಹೆಚ್ಚುತ್ತದೆ. ಎಂದರೆ, ಚಿಕ್ಕ ದೇಹದಲ್ಲಿ ಪ್ರತಿಯೊಂದು ಸೇರು ತೂಕದ ಹಿಂದೆ ಇರುವ ಬಲ ಹೆಚ್ಚು. ನಿಂತ ನೆಲದಿಂದ ಸಿಡಿದು ವೇಗ ಕೂಡಿಸಿಕೊಳ್ಳುವಾಗ ಗಿಡ್ಡ ಓಟಗಾರ್ತಿಯರು ಮುಂದಾಗುವುದಕ್ಕೆ ಇದು ಒಂದು ಕಾರಣ. ಎತ್ತರದವರು ಸಾಮಾನ್ಯವಾಗಿ ಓಟದ ಉತ್ತರಾರ್ಧದಲ್ಲಿ ಹಿಂದಿನಿಂದ ಬಂದು ಸೇರುತ್ತಾರೆ.

ಹಾಗಾದರೆ ವೇಗದ ಗುಟ್ಟೇನು? ೨೦೦೦ದಲ್ಲಿ ಪೀಟರ್ ವೇಯಾಂಡ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿತು. ಬೇರೆ ಬೇರೆ ವೇಗದ ಓಟಗಾರರನ್ನು ಯಂತ್ರದ ಮೇಲೆ ಓಡಿಸಿ ನೋಡಿದಾಗ, ಕಾಲನ್ನು ಗಾಳಿಯಲ್ಲಿ ಹಿಂದಿನಿಂದ ಮುಂದಕ್ಕೆ ತರಲು ಅವರು ತೆಗೆದುಕೊಳ್ಳುವ ಕಾಲದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ವೇಗವುಳ್ಳವರು ನೆಲವನ್ನು ಇತರರಿಗಿಂತ ಬಲವಾಗಿ ಒತ್ತುತ್ತಿದ್ದರು, ವ್ಯತ್ಯಾಸವಿದ್ದುದು ಅಲ್ಲಿ. ಪೂರ್ಣ ವೇಗದಲ್ಲಿ ಪಾದ ನೆಲದ ಮೇಲೆ ಇರುವುದು ಸುಮಾರು ಸೆಕೆಂಡಿನ ಹತ್ತರಲ್ಲೊಂದು ಪಾಲು ಮಾತ್ರ. ಆ ಕಣ್ಣೆವೆಯ ಕಾಲದಲ್ಲಿ ದೇಹದ ತೂಕದ ಹಲವು ಪಟ್ಟು ಬಲವನ್ನು ನೆಲಕ್ಕೆ ಕೊಡಬೇಕು. ನೆಲ ಅದನ್ನು ಹಿಂದಿರುಗಿಸುತ್ತದೆ. ಈ ಬಲವನ್ನು ಅಳತೆಪಟ್ಟಿಯಿಂದ ಅಳೆಯಲು ಬಾರದು.

ಈಗ ಮತ್ತೆ ಚರಿತ್ರೆಗೆ ಬರೋಣ. ೧೯೮೪ರ ಲಾಸ್ ಏಂಜಲಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ೧೦೦ ಮೀಟರ್ ಗೆದ್ದ ಎವೆಲಿನ್ ಆಶ್‌ಫರ್ಡ್ ಸುಮಾರು ೧೬೫ ಸೆಂಟಿಮೀಟರ್ ಎತ್ತರದವರು. ೧೯೯೨ರಲ್ಲಿಯೂ ೧೯೯೬ರಲ್ಲಿಯೂ ಅದೇ ಪದಕವನ್ನು ಗೆದ್ದ ಗೇಲ್ ಡಿವರ್ಸ್ ಸುಮಾರು ೧೬೦. ೧೯೮೮ರಲ್ಲಿ ೧೦.೪೯ ಸೆಕೆಂಡುಗಳ ವಿಶ್ವದಾಖಲೆಯನ್ನು ಸ್ಥಾಪಿಸಿದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಸುಮಾರು ೧೭೦. ಬಹಳ ಎತ್ತರದವರೂ ಅಲ್ಲ, ಗಿಡ್ಡವೂ ಅಲ್ಲ. ಇವರ ತರುವಾಯ ಬಂದವರು ಜಮೈಕಾದ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್. ಅವರ ಎತ್ತರ ೧೫೨ ಸೆಂಟಿಮೀಟರ್, ಎಂದರೆ ಸರಿಯಾಗಿ ಐದಡಿ. ೨೦೦೮ ಮತ್ತು ೨೦೧೨ರ ಒಲಿಂಪಿಕ್ ೧೦೦ ಮೀಟರ್ ಸ್ವರ್ಣಪದಕಗಳು ಅವರವು. ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ೨೦೦೯, ೨೦೧೩, ೨೦೧೫, ೨೦೧೯ ಮತ್ತು ೨೦೨೨ರಲ್ಲಿ, ಹೀಗೆ ಐದು ಬಾರಿ ಅದೇ ದೂರವನ್ನು ಅವರು ಗೆದ್ದರು. ಕೊನೆಯ ಎರಡು ಗೆಲುವುಗಳು ತಾಯಿಯಾದ ಮೇಲೆ ಬಂದವು. ೨೦೨೧ರಲ್ಲಿ ಲೋಸಾನ್ ನಗರದಲ್ಲಿ ಅವರು ಓಡಿದ ಕಾಲ ೧೦.೬೦ ಸೆಕೆಂಡು. ೨೦೨೩ರಲ್ಲಿ ಬುಡಾಪೆಸ್ಟಿನಲ್ಲಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಶಕ್ಯಾರಿ ರಿಚರ್ಡ್‌ಸನ್ ಕೂಡ ಐದಡಿಯ ಮೇಲೆ ಒಂದಂಗುಲದಷ್ಟು ಎತ್ತರದವರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೀಗೆ ೧೦೦ ಮೀಟರ್ ಓಟದ ಮಹಾರಾಣಿಯರು ಐದಡಿಯಿಂದ ಆರಡಿಯವರೆಗೆ ಹರಡಿಕೊಂಡಿದ್ದಾರೆ. ನಡುವೆ ಇರುವ ಅಂತರ ಒಂದು ಅಡಿ! ಇದರಿಂದ ಎತ್ತರಕ್ಕೆ ಬೆಲೆಯೇ ಇಲ್ಲವೆಂದು ಹೇಳಿದರೂ ತಪ್ಪಾಗುತ್ತದೆ. ದೂರ ಹೆಚ್ಚಿದಂತೆ ಉದ್ದ ಹೆಜ್ಜೆಯ ಪ್ರಯೋಜನ ಹೆಚ್ಚುತ್ತದೆ. ಕಡಿಮೆ ಹೆಜ್ಜೆಗಳಲ್ಲಿ ಓಡಿದವರಿಗೆ ಆಯಾಸ ಸ್ವಲ್ಪ ತಡವಾಗಿ ಬರುತ್ತದೆ. ೪೦೦ ಮೀಟರ್ ಓಟದ ಇತಿಹಾಸದಲ್ಲಿ ಎತ್ತರದವರೇ ಹೆಚ್ಚಾಗಿ ಕಾಣುತ್ತಾರೆ. ಪೋಲೆಂಡಿನ ಇರೀನಾ ಷೆವಿನ್ಸ್ಕಾ ೧೭೬, ಫ್ರಾನ್ಸಿನ ಮಾರಿ-ಜೋಸ್ ಪೆರೆಕ್ ೧೮೦, ೨೦೧೬ರಲ್ಲಿಯೂ ೨೦೨೧ರಲ್ಲಿ ನಡೆದ ಟೋಕಿಯೋ ಕ್ರೀಡೆಗಳಲ್ಲಿಯೂ ಗೆದ್ದ ಬಹಾಮಾಸ್ ದ್ವೀಪದ ಷಾನೆ ಮಿಲ್ಲರ್ ೧೮೫ ಸೆಂಟಿಮೀಟರ್.

ಹರ್ಡಲ್ಸ್, ಎಂದರೆ ತಡೆಗಳನ್ನು ದಾಟಿ ಓಡುವ ಪಂದ್ಯದಲ್ಲಿ ಎತ್ತರ ಇನ್ನೊಂದು ಬಗೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಮಹಿಳೆಯರ ೪೦೦ ಮೀಟರ್ ಹರ್ಡಲ್ಸ್‌ನಲ್ಲಿ ೭೬.೨ ಸೆಂಟಿಮೀಟರ್ ಎತ್ತರದ ಹತ್ತು ತಡೆಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ೩೫ ಮೀಟರ್ ದೂರ. ಗಿಡ್ಡ ಓಟಗಾರ್ತಿಗಾಗಿ ಈ ತಡೆಗಳು ಹತ್ತಿರ ಸರಿಯುವುದಿಲ್ಲ. ತನ್ನ ಹೆಜ್ಜೆಗಳನ್ನೇ ಆಕೆ ಆ ದೂರಕ್ಕೆ ಹೊಂದಿಸಿಕೊಳ್ಳಬೇಕು. ಇಷ್ಟಾದರೂ ಇಲ್ಲಿಯೂ ಎತ್ತರವೇ ಕೊನೆಯ ಮಾತಲ್ಲ. ೧೯೮೪ರಲ್ಲಿ ಈ ಪಂದ್ಯ ಮಹಿಳೆಯರಿಗಾಗಿ ಮೊದಲ ಸಲ ಒಲಿಂಪಿಕ್‌ನಲ್ಲಿ ನಡೆದಾಗ ನಮ್ಮ ಪಿ.ಟಿ. ಉಷಾ ೫೫.೪೨ ಸೆಕೆಂಡುಗಳಲ್ಲಿ ಓಡಿ, ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಕಂಚಿನ ಪದಕವನ್ನು ಕಳೆದುಕೊಂಡದ್ದು ದೇಶಕ್ಕೆಲ್ಲ ಗೊತ್ತಿರುವ ಕಥೆ. ಅಂದು ಸ್ವರ್ಣಪದಕ ಗೆದ್ದ ಮೊರಾಕೋ ದೇಶದ ನವಾಲ್ ಎಲ್ ಮುತವಕೆಲ್ ಉಷಾ ಅವರಿಗಿಂತ ಗಿಡ್ಡವರು ಎಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ಐದಡಿ ಮೂರಂಗುಲದ ಗೇಲ್ ಡಿವರ್ಸ್ ೧೦೦ ಮೀಟರ್ ಹರ್ಡಲ್ಸ್‌ನಲ್ಲಿ ಮೂರು ಬಾರಿ ವಿಶ್ವ ಚಾಂಪಿಯನ್ ಆದದ್ದೂ ಇದೇ ಸಾಲಿಗೆ ಸೇರುವ ನಿದರ್ಶನ.

ನಮ್ಮ ದೇಶದ ಓಟಗಾರ್ತಿಯರ ಪರಂಪರೆ ಕಿರಿದಾದರೂ ಗೌರವಕ್ಕೆ ಯೋಗ್ಯವಾದದ್ದು. ೧೯೫೧ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡೆಗಳಲ್ಲಿ ರೋಷನ್ ಮಿಸ್ತ್ರಿ ೧೦೦ ಮೀಟರ್ ಓಟದಲ್ಲಿ ಬೆಳ್ಳಿಯ ಪದಕ ಪಡೆದರು. ಮರುವರ್ಷ ಹೆಲ್ಸಿಂಕಿಯಲ್ಲಿ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ ಒಲಿಂಪಿಕ್ ಮೈದಾನದಲ್ಲಿ ಓಡಿದ ಮೊದಲ ಭಾರತೀಯ ಮಹಿಳೆಯರಾದರು. ೧೯೫೪ರಲ್ಲಿ ಮನಿಲಾದಲ್ಲಿ ನಮ್ಮ ನಾಲ್ವರು ಹೆಣ್ಣುಮಕ್ಕಳು ೪೦೦ ಮೀಟರಿನ ಚಿಕ್ಕ ರಿಲೇ ಓಟದಲ್ಲಿ ಸ್ವರ್ಣಪದಕ ಗೆದ್ದರು.

ಕರ್ನಾಟಕದ ಪಾಲು ಇದರಲ್ಲಿ ಸಣ್ಣದಲ್ಲ. ೧೯೮೪ರ ಒಲಿಂಪಿಕ್‌ನಲ್ಲಿ ಅಂತಿಮ ಸುತ್ತು ತಲುಪಿದ ನಮ್ಮ ರಿಲೇ ತಂಡದಲ್ಲಿ ಉಷಾ, ಶೈನಿ ಅಬ್ರಹಾಂ, ವಲ್ಸಮ್ಮ ಇವರ ಜೊತೆಯಲ್ಲಿ ಓಡಿದವರು ಕರ್ನಾಟಕದ ವಂದನಾ ರಾವ್. ಕೊಡಗಿನ ಅಶ್ವಿನಿ ನಾಚಪ್ಪ ಉಷಾ ಅವರನ್ನೇ ಎರಡು ಬಾರಿ ಸೋಲಿಸಿ, ೧೯೮೮ರ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ೨೦೧೦ರ ಗ್ವಾಂಗ್‌ಜೌ ಏಷ್ಯನ್ ಕ್ರೀಡೆಗಳಲ್ಲಿ ೪೦೦ ಮೀಟರ್ ಹರ್ಡಲ್ಸ್ ಗೆದ್ದರು. ಮಂಗಳೂರಿನ ಕಡೆಯ ಎಂ.ಆರ್. ಪೂವಮ್ಮ ೨೦೧೪ರಲ್ಲಿಯೂ ೨೦೧೮ರಲ್ಲಿಯೂ ಏಷ್ಯನ್ ಕ್ರೀಡೆಗಳ ರಿಲೇ ಸ್ವರ್ಣದ ಪಾಲುದಾರರು. ೨೦೨೧ರಲ್ಲಿ ನೈರೋಬಿಯಲ್ಲಿ ನಡೆದ ಇಪ್ಪತ್ತು ವರ್ಷದೊಳಗಿನವರ ವಿಶ್ವ ಪಂದ್ಯಗಳಲ್ಲಿ ಮಿಶ್ರ ರಿಲೇಯ ಕಂಚು ಗೆದ್ದ ತಂಡದಲ್ಲಿ ಕರ್ನಾಟಕದ ಪ್ರಿಯಾ ಮೋಹನ್ ಇದ್ದರು. ಈ ಹೆಸರುಗಳ ನಡುವೆ ತುಂಗಭದ್ರೆಯ ದಂಡೆಯ ಹೆಸರೊಂದು ಸೇರಬೇಕೆಂಬ ಆಸೆ ಈ ಸೀಮೆಯವರಿಗೆ ಸಹಜ.

ಆ ಆಸೆಯ ದಾರಿಯಲ್ಲಿ ಎತ್ತರದ ನಂಬಿಕೆ ಹೇಗೆ ಅಡ್ಡ ನಿಂತಿದೆ ಎಂಬುದನ್ನು ತಿಳಿಯಲು ಒಂದೇ ಅಂಕಿ ಸಾಕು. ಭಾರತದ ವಯಸ್ಕ ಮಹಿಳೆಯ ಸರಾಸರಿ ಎತ್ತರ ಸುಮಾರು ೧೫೨ ಸೆಂಟಿಮೀಟರ್. ಇದು ಶೆಲ್ಲಿ-ಆನ್ ಅವರ ಎತ್ತರ. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡುವ, ಹೊಸಪೇಟೆಯ ಬಸ್‌ನಿಲ್ದಾಣದಲ್ಲಿ ಬುಟ್ಟಿ ಹೊತ್ತು ನಿಂತಿರುವ ನಮ್ಮ ಸಾಮಾನ್ಯ ಹೆಣ್ಣುಮಗಳ ಎತ್ತರದವರೇ ಹದಿನಾಲ್ಕು ವರ್ಷಗಳ ಕಾಲ ಪ್ರಪಂಚದ ಅತ್ಯಂತ ವೇಗದ ಮಹಿಳೆಯರ ಸಾಲಿನಲ್ಲಿ ಮುಂದೆ ನಿಂತಿದ್ದರು. ಅವರ ತಾಯಿ ಕಿಂಗ್‌ಸ್ಟನ್ ನಗರದ ಬೀದಿಯಲ್ಲಿ ಸಾಮಾನು ಮಾರಿ ಮಕ್ಕಳನ್ನು ಸಾಕಿದವರು. ಜಮೈಕಾ ದ್ವೀಪದ ಜನಸಂಖ್ಯೆ ೨೦೧೧ರ ಎಣಿಕೆಯಲ್ಲಿ ಸುಮಾರು ೨೭ ಲಕ್ಷ. ಅದೇ ವರ್ಷದ ನಮ್ಮ ಜನಗಣತಿಯಲ್ಲಿ, ವಿಜಯನಗರ
ಜಿಲ್ಲೆ ಬೇರೆಯಾಗುವ ಮೊದಲಿನ ಅವಿಭಜಿತ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ೨೫ ಲಕ್ಷ. ಮೂಳೆಯ ಉದ್ದದಲ್ಲಾಗಲಿ ಜನರ ಸಂಖ್ಯೆಯಲ್ಲಾಗಲಿ ನಾವು ಹಿಂದಿಲ್ಲ.

ವ್ಯತ್ಯಾಸ ಇರುವುದು ಆಯ್ಕೆಯ ಪದ್ಧತಿಯಲ್ಲಿ. ಜಮೈಕಾದಲ್ಲಿ ಪ್ರೌಢಶಾಲೆಗಳ ನಡುವಣ ಓಟದ ಕೂಟ ೧೯೧೦ರಿಂದ ನಡೆದುಬಂದಿದೆ. ಹುಡುಗಿಯರಿಗಾಗಿ ಪ್ರತ್ಯೇಕವಾದ ಕೂಟ ೧೯೫೭ರಲ್ಲಿ ಮೊದಲಾಯಿತು. ಅಲ್ಲಿ ಊರೂರಿನ ಮಕ್ಕಳೆಲ್ಲ ಓಡುತ್ತಾರೆ. ಯಾರು ಬೇಗ ಓಡಿದರೋ ಅವರು ಮುಂದೆ ಹೋಗುತ್ತಾರೆ. ಅದೇ ದ್ವೀಪ ಒಲಿಂಪಿಕ್‌ನ ಒಂಬತ್ತು ಪದಕಗಳನ್ನು ಗೆದ್ದ ಎತ್ತರದ ಮರ್ಲೀನ್ ಆಟ್ಟಿಯನ್ನೂ ಕೊಟ್ಟಿದೆ, ಗಿಡ್ಡ ಶೆಲ್ಲಿ-ಆನ್ ಅವರನ್ನೂ ಕೊಟ್ಟಿದೆ. ೨೦೨೧ರ ಟೋಕಿಯೋ ಪಂದ್ಯದಲ್ಲಿ ೧೦೦ ಮೀಟರಿನ ಮೂರು ಪದಕಗಳನ್ನೂ ಜಮೈಕಾದ ಮೂವರು ಹಂಚಿಕೊಂಡಾಗ, ವೇದಿಕೆಯ ಮೇಲೆ ನಿಂತ ಮೂವರೂ ಮೂರು ಬೇರೆ ಬೇರೆ ಎತ್ತರದವರಾಗಿದ್ದರು. ನಮ್ಮಲ್ಲಿ ಕ್ರೀಡಾಶಾಲೆಗಳಿಗೆ ಮಕ್ಕಳನ್ನು ಆರಿಸುವಾಗ ಎತ್ತರ, ತೂಕಗಳನ್ನು ಅಳೆಯುವುದು ರೂಢಿ. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಳಿಗೆ ಅದು ಸರಿಯೇ. ಓಟಕ್ಕೂ ಅದೇ ಕಟ್ಟಳೆಯನ್ನು ಹಾಕಿದರೆ ಅನ್ಯಾಯವಾಗುತ್ತದೆ.

ಬೆಳೆಯುವ ವಯಸ್ಸಿನಲ್ಲಂತೂ ಎತ್ತರ ಬಹಳ ಮೋಸದ ಅಳತೆ. ಹುಡುಗಿಯರ ಬೆಳವಣಿಗೆ ಸಾಮಾನ್ಯವಾಗಿ ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ ಅತಿ ವೇಗವಾಗಿರುತ್ತದೆ. ಆದರೆ ಕೆಲವರಿಗೆ ಅದು ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡವಾಗಿ. ಆರನೆಯ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ ಕಂಡವಳು ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಅಷ್ಟಕ್ಕೇ ನಿಂತಿರಬಹುದು. ಹಿಂದಿನ ಸಾಲಿನಲ್ಲಿದ್ದವಳು ಅವಳನ್ನು ಮೀರಿರಬಹುದು. ಹನ್ನೆರಡರಲ್ಲಿ ಅಳತೆಪಟ್ಟಿ ತೋರಿಸುವುದು ಹುಡುಗಿಯ ಭವಿಷ್ಯವನ್ನಲ್ಲ; ಅವಳ ಬೆಳವಣಿಗೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನಷ್ಟೆ.

ಇನ್ನೊಂದು ಮಾತನ್ನು ಇಲ್ಲಿ ಬಿಡುವಂತಿಲ್ಲ. ವಂಶದಿಂದ ಬಂದ ಗಿಡ್ಡತನ ಬೇರೆ, ಹಸಿವಿನಿಂದ ಬಂದ ಗಿಡ್ಡತನ ಬೇರೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ೩೫ ಮಂದಿ ತಮ್ಮ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇಂಥ ಮಗುವಿಗೆ ಅಂಗುಲಗಳಿಗಿಂತ ದೊಡ್ಡ ನಷ್ಟವಾಗಿರುತ್ತದೆ: ನೆಲವನ್ನು ಒತ್ತುವ ಆ ಮಾಂಸಖಂಡದ ಬಲವೇ ಬೆಳೆದಿರುವುದಿಲ್ಲ. ೨೦೨೧ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆಗೆ ಮೊಟ್ಟೆಯನ್ನೋ ಬಾಳೆಹಣ್ಣನ್ನೋ ಕೊಡಲು ತೊಡಗಿದ್ದು ಈ ದೃಷ್ಟಿಯಿಂದ ಓಟದ ತರಬೇತಿಯ ಮೊದಲನೆಯ ಪಾಠವೇ ಸರಿ. ಊಟವಿಲ್ಲದ ಮಗುವಿನ ಎತ್ತರವನ್ನು ಅಳೆದು, ನೀನು ಸಾಲದೆಂದು ಕಳುಹಿಸುವುದು ಬಡತನಕ್ಕೆ ಎರಡನೆಯ ಸಲ ದಂಡ ವಿಧಿಸಿದಂತೆ.

ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ ೨೦೧೮ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ತೆರೆದಿದೆ. ೨೦೨೩ರ ಮಾರ್ಚಿಯಲ್ಲಿ ಜೆಸ್ವಿನ್ ಆಲ್ಡ್ರಿನ್ ೮.೪೨ ಮೀಟರ್ ಉದ್ದ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿದ್ದು ಅದೇ ಅಂಗಳದಲ್ಲಿ. ದೇಶದ ಮೂಲೆಮೂಲೆಯ ಕ್ರೀಡಾಪಟುಗಳು ಬಂದು ಅಭ್ಯಾಸ ಮಾಡುವ ಅಂಥ ಓಟದ ಪಥ ಕಂಪ್ಲಿ, ಮೆಟ್ರಿ, ಹೊಸಪೇಟೆಗಳಿಗೆ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ. ಆದರೆ ಹಳ್ಳಿಯ ಶಾಲೆಯ ಸಾಲಿನಿಂದ ಆ ಪಥದವರೆಗಿನ ದಾರಿಯ ಬಾಗಿಲನ್ನು ಕಾಯುವವರು ತರಬೇತುದಾರರಲ್ಲ, ಶಾಲೆಯ ಅಧ್ಯಾಪಕರು.

ಅವರು ಮಾಡಬೇಕಾದ ಕೆಲಸ ಕಷ್ಟದ್ದಲ್ಲ, ಹಣದ್ದೂ ಅಲ್ಲ. ಬಯಲಿನಲ್ಲಿ ಸುಣ್ಣದಿಂದ ಮೂವತ್ತು ಮೀಟರಿನ ಎರಡು ಗೆರೆ ಎಳೆದು, ಎಲ್ಲ ಹುಡುಗಿಯರನ್ನೂ, ಎತ್ತರದವರು ಗಿಡ್ಡವರು ಎನ್ನದೆ, ಓಡಿಸಬೇಕು, ಕೈಗಡಿಯಾರದಲ್ಲಿ ಕಾಲವನ್ನು ಗುರುತಿಸಬೇಕು, ಹೆಜ್ಜೆಗಳನ್ನು ಎಣಿಸಬೇಕು, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅದನ್ನೇ ಮಾಡಿ ಹೋಲಿಸಿ ನೋಡಬೇಕು. ಉದ್ದ ಹೆಜ್ಜೆಯವಳಿಗೆ ೪೦೦ ಮೀಟರನ್ನೋ ಹರ್ಡಲ್ಸನ್ನೋ ತೋರಿಸಲಿ, ಚುರುಕು ಹೆಜ್ಜೆಯವಳಿಗೆ ೧೦೦ ಮೀಟರನ್ನು ತೋರಿಸಲಿ. ಎತ್ತರವನ್ನು ಬರೆದುಕೊಳ್ಳಬೇಕಾದರೆ ಬರೆದುಕೊಳ್ಳಲಿ. ಆದರೆ ಓಟ ಮುಗಿದ ಮೇಲೆ ಬರೆದುಕೊಳ್ಳಲಿ.